ಪ್ಲೇ ಎಷ್ಟಿದೆ?

ಭಾನುವಾರ ಬೆಳಿಗ್ಗೆ ಎಂಟೂವರೆ. ಮೈಸೂರಿನ ಅಗ್ರಹಾರದ ಒಂದು ಮನೆಯ ಕಾಂಪೌಂಡಿನಲ್ಲಿ 1986ರ ಯೆಜ್ಡಿ ರೋಡ್‌ಕಿಂಗ್ ಮೈ ತೊಳೆದು, ಪಾಲಿಶ್ ಹಚ್ಚಿಸಿಕೊಂಡು, ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ನಿಂತಿತ್ತು. ಕೊಳ್ಳಲು ಬಂದವನು ನನ್ನ ಅಕ್ಕನ ಮಗ. ಇಂಥದಕ್ಕೆಲ್ಲ ಸಾಕ್ಷಿಗೆ ನನ್ನನ್ನು ಎಳೆದುಕೊಂಡು ಹೋಗುವುದು ಅವನ ಅಭ್ಯಾಸ. ನನಗೆ ನನ್ನ ಮೇಲೆ ನಂಬಿಕೆಯಿಲ್ಲದ್ದರಿಂದ ನಲವತ್ತು ವರ್ಷ ಜಾವಾ ಯೆಜ್ಡಿಗಳನ್ನೇ ಬಿಚ್ಚಿ ಕಟ್ಟಿದ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ.

ಮಾರುವವರು ಹೆಮ್ಮೆಯಿಂದ ಒಂದು ಕಿಕ್ ಹೊಡೆದರು. ಗಾಡಿ ತಕ್ಷಣ ಸ್ಟಾರ್ಟ್ ಆಯಿತು. ಹುಡುಗನ ಮುಖ ಅರಳಿತು. ಮೇಸ್ತ್ರಿ ಮಾತ್ರ ಕದಲಲಿಲ್ಲ. ಅವರು ಕಿಕ್ಕಿಗೂ ಮೊದಲೇ, ಯಾರಿಗೂ ಕಾಣದ ಹಾಗೆ, ಬ್ಲಾಕಿನ ರೆಕ್ಕೆಗಳ ಮೇಲೆ ಅಂಗೈ ಆಡಿಸಿಬಿಟ್ಟಿದ್ದರು.

"ಇದು ಆಗಲೇ ಕಾಫಿ ಕುಡಿದುಬಿಟ್ಟಿದೆ ಸಾರ್," ಅಂದರು. "ಆಫ್ ಮಾಡಿ. ನಾವು ತಿಂಡಿ ತಿಂದು ಬರ್ತೀವಿ, ಆರಲಿ."

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು: ಹಳೆಯ ಗಾಡಿ ನೋಡಲು ಹೋದವರು ಮೊದಲು ಕಲಿಯಬೇಕಾದ ಪಾಠ ಇದು. ಆದರೆ ಇದರ ಹಿಂದಿನ ಕಾರಣ ಬಹಳ ಜನಕ್ಕೆ ಗೊತ್ತಿಲ್ಲ. ಬಿಸಿಯಾದ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ ಎನ್ನುವುದು ಅರ್ಧ ಮಾತು. ಬಿಸಿಯಾದ ಎಂಜಿನ್ ತನ್ನ ವಯಸ್ಸನ್ನು ಮುಚ್ಚಿಡುತ್ತದೆ ಎನ್ನುವುದು ಉಳಿದರ್ಧ.

ರೋಡ್‌ಕಿಂಗಿನ ಸಿಲಿಂಡರ್ ಎರಕದ ಕಬ್ಬಿಣದ್ದು, ಒಳಗೆ ಓಡುವ ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬೋರಿನ ಅಗಲ 65 ಮಿ.ಮೀ. ಒಂದು ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ ಪ್ರತಿ ಹತ್ತು ಲಕ್ಷ ಪಾಲಿಗೆ ಸುಮಾರು 23 ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣ ಹಿಗ್ಗುವುದು ಅದರ ಅರ್ಧದಷ್ಟು, ಹನ್ನೊಂದರ ಆಸುಪಾಸು. ಪಿಸ್ಟನ್ನಿನ ನೆತ್ತಿ 200 ಡಿಗ್ರಿ ಬಿಸಿಯೇರಿತು, ಸಿಲಿಂಡರ್ 100 ಡಿಗ್ರಿ ಏರಿತು ಎಂದಿಟ್ಟುಕೊಳ್ಳಿ. ನೆತ್ತಿ 0.3 ಮಿ.ಮೀ. ಉಬ್ಬಿರುತ್ತದೆ, ಸಿಲಿಂಡರ್ ಕೇವಲ 0.07 ಮಿ.ಮೀ. ಅಂದರೆ ನಡುವಿನ ಸಂದು ಎರಡು ಮೂರು ಕೂದಲೆಳೆಯಷ್ಟು ಕಿರಿದಾಯಿತು. ಇದಕ್ಕೆಂದೇ ಪಿಸ್ಟನ್ನಿನ ನೆತ್ತಿಯನ್ನು ಬುಡಕ್ಕಿಂತ ಸಣ್ಣದಾಗಿ ಕಡೆದಿರುತ್ತಾರೆ. ಕೈಯಲ್ಲಿ ಹಿಡಿದರೆ ನೇರ ಕೊಳವೆಯಂತೆ ಕಾಣುವ ವಸ್ತು ನಿಜಕ್ಕೂ ಹಾಗಿರುವುದಿಲ್ಲ.

ಸವೆದ ಎಂಜಿನ್ ತಣ್ಣಗಿದ್ದಾಗ ಈ ಸಂದು ದೊಡ್ಡದು. ಪಿಸ್ಟನ್ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಡಿಯುತ್ತಾ ಏರಿ ಇಳಿಯುತ್ತದೆ. ಸ್ಟೀಲ್ ಲೋಟದಲ್ಲಿ ಚಮಚ ಆಡಿಸಿದಂಥ ಸದ್ದು. ಐದು ನಿಮಿಷ ಓಡಿದರೆ ಪಿಸ್ಟನ್ ಉಬ್ಬಿ ಸಂದು ತುಂಬುತ್ತದೆ, ಸದ್ದು ಅಡಗುತ್ತದೆ. ಮಾರುವವರು ಬೆಳಿಗ್ಗೆ ಎದ್ದು ಒಂದು ರೌಂಡ್ ಹಾಕಿಕೊಂಡು ಬಂದರೆ ಎಂಜಿನ್ನೇ ಅವರ ಪರ ವಕಾಲತ್ತು ವಹಿಸುತ್ತದೆ.

ಈ ಸಂದಿಗೆ ಮೆಕ್ಯಾನಿಕ್ಕುಗಳ ಬಾಯಲ್ಲಿ ಒಂದು ಹೆಸರಿದೆ: ಪ್ಲೇ. "ಬೇರಿಂಗ್ ಪ್ಲೇ ಬಂದಿದೆ", "ಬುಷ್ ಪ್ಲೇ ಇದೆ." ಯಾವ ಯಂತ್ರವೂ ಸಂದಿಲ್ಲದೆ ಓಡದು. ಎಣ್ಣೆ ಕೂರಲು ಜಾಗ ಬೇಕು, ಲೋಹ ಹಿಗ್ಗಲು ಜಾಗ ಬೇಕು. ಆದರೆ ಓಡಿದಷ್ಟೂ ಆ ಜಾಗ ಅಗಲವಾಗುತ್ತದೆ. ಆರ್‌ಸಿ ಪುಸ್ತಕದಲ್ಲಿರುವ ಇಸವಿ ಗಾಡಿ ಹುಟ್ಟಿದ ದಿನವನ್ನಷ್ಟೇ ಹೇಳುತ್ತದೆ. ಓಡೋಮೀಟರಿನ ಅಂಕಿಯನ್ನು ಸ್ಕ್ರೂಡ್ರೈವರ್ ಇರುವ ಯಾರು ಬೇಕಾದರೂ ತಿದ್ದಬಹುದು. ಗಾಡಿಯ ನಿಜವಾದ ವಯಸ್ಸು ಕೂತಿರುವುದು ಈ ಸಂದುಗಳಲ್ಲಿ. ಹಳೆಯ ಗಾಡಿ ಪರೀಕ್ಷೆ ಎಂದರೆ ಸಂದು ಹುಡುಕುವ ಕೆಲಸ.

ನಾನು ಯೆಜ್ಡಿಯನ್ನೇ ಇಲ್ಲಿ ಎಳೆದು ತಂದದ್ದಕ್ಕೆ ಅಭಿಮಾನವೂ ಒಂದು ಕಾರಣ, ಒಪ್ಪಿಕೊಳ್ಳುತ್ತೇನೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಗಾಡಿಗಳನ್ನು ತಯಾರಿಸಿತು. ಮೊದಲು ಜೆಕ್ ದೇಶದ ಜಾವಾ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಎಂದು. ಅಂದರೆ ಆ ಕಾರ್ಖಾನೆಯಿಂದ ಬಂದ ಅತಿ ಕಿರಿಯ ಯೆಜ್ಡಿಗೂ ಈಗ ಮೂವತ್ತರ ವಯಸ್ಸು. ಇದರದು ಟೂ ಸ್ಟ್ರೋಕ್ ಎಂಜಿನ್ ಎನ್ನುವುದು ಅಭಿಮಾನಕ್ಕಿಂತ ಮುಖ್ಯವಾದ ಕಾರಣ. ಫೋರ್ ಸ್ಟ್ರೋಕ್ ಗಾಡಿಗೆ ಇರುವ ವಾಲ್ವು, ಕ್ಯಾಮ್‌ಶಾಫ್ಟು, ಟ್ಯಾಪೆಟ್ಟು ಯಾವುದೂ ಇದಕ್ಕಿಲ್ಲ. ಇಷ್ಟು ಸರಳವಾದ ಎಂಜಿನ್ನಿನಲ್ಲಿ ಸಂದುಗಳ ಕಥೆ ಬಹಳ ಸ್ಪಷ್ಟವಾಗಿ ಓದಲು ಸಿಗುತ್ತದೆ.

ಟೂ ಸ್ಟ್ರೋಕ್ ಎಂಜಿನ್ನನ್ನು ಊದುಗೊಳವೆ ಎನ್ನುವುದಕ್ಕಿಂತ ತಿದಿ ಎನ್ನುವುದು ಸರಿ. ಪಿಸ್ಟನ್ನಿನ ತಲೆಯ ಮೇಲೆ ಬೆಂಕಿ ಉರಿಯುವುದು ಎಲ್ಲರಿಗೂ ಗೊತ್ತು. ಅದರ ಕಾಲಡಿಯಲ್ಲೂ ಒಂದು ಕೆಲಸ ನಡೆಯುತ್ತಿರುತ್ತದೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೋಣೆ ಕಾರ್ಬ್ಯುರೇಟರಿನಿಂದ ಗಾಳಿ ಪೆಟ್ರೋಲನ್ನು ಹೀರಿಕೊಳ್ಳುತ್ತದೆ, ಇಳಿದಾಗ ಅದನ್ನೇ ಒತ್ತಿ ಪಕ್ಕದ ಕಾಲುವೆಗಳ ಮೂಲಕ ಮೇಲಕ್ಕೆ ತಳ್ಳುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ತಿದಿ ಸೆಕೆಂಡಿಗೆ ಐವತ್ತು ಸಲ ಹೀರಿ ಊದುತ್ತದೆ. ಎಂಜಿನ್ನಿನ ಉಸಿರೆಲ್ಲ ಈ ಕೋಣೆಯದು. ಕೋಣೆಯ ಎರಡು ಗೋಡೆಗಳನ್ನು ತೂರಿಕೊಂಡು ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳು ಹೊರಗೆ ಬಂದಿವೆ. ಆ ಎರಡು ತೂತುಗಳಿಂದ ಉಸಿರು ಸೋರದ ಹಾಗೆ ಕಾಯುವುದು ಎರಡು ರಬ್ಬರ್ ಆಯಿಲ್ ಸೀಲುಗಳು. ಬೆಲೆ ಲೆಕ್ಕಕ್ಕಿಲ್ಲದಷ್ಟು. ಆದರೆ ಹಳೆಯ ಯೆಜ್ಡಿಯ ಹತ್ತು ರೋಗಗಳಲ್ಲಿ ಐದಕ್ಕೆ ಇವೇ ಮೂಲ ಎಂದು ಮೇಸ್ತ್ರಿ ಬೆರಳು ಮಡಚಿ ಎಣಿಸಿ ಹೇಳಿದ್ದುಂಟು.

ವಿಶೇಷವೆಂದರೆ ಎಡಗಡೆಯ ಸೀಲು ಹೋದರೆ ಒಂದು ರೋಗ, ಬಲಗಡೆಯದು ಹೋದರೆ ಬೇರೆಯೇ ರೋಗ. ಎಡಗಡೆ, ಕ್ಲಚ್ ಕವರಿನೊಳಗೆ, ಪ್ರೈಮರಿ ಚೈನು ಗೇರ್ ಆಯಿಲಿನಲ್ಲಿ ಮುಳುಗಿ ತಿರುಗುತ್ತಿರುತ್ತದೆ. ಅಲ್ಲಿನ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟರೆ, ತಿದಿ ಹೀರುವಾಗ ಗೇರ್ ಆಯಿಲ್ ಒಳಗೆ ಬರುತ್ತದೆ. ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ. ಊದುವಾಗ ಪೆಟ್ರೋಲ್ ಆವಿ ಆಚೆ ನುಗ್ಗಿ ಗೇರ್ ಆಯಿಲಿಗೆ ಸೇರುತ್ತದೆ. ಒಂದೇ ಬಿರುಕು, ಎರಡು ದಾರಿಯ ಕಳ್ಳಸಾಗಣೆ.

ಬಲಗಡೆ ಎಣ್ಣೆಯಿಲ್ಲ, ಡೈನಮೋ ಇದೆ, ಬರೀ ಗಾಳಿ. ಅಲ್ಲಿನ ಸೀಲು ಹೋದರೆ ಹೀರುವಾಗ ಬರುವುದು ಲೆಕ್ಕಕ್ಕೆ ಸಿಗದ ಗಾಳಿ. ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಎಕ್ಸಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಎಂಜಿನ್ ಒಂದೇ ಸಮನೆ ಕಿರುಚುತ್ತದೆ. ಮಾರುವವರು, "ಸ್ವಲ್ಪ ಕಾರ್ಬ್ಯುರೇಟರ್ ಟ್ಯೂನಿಂಗ್ ಮಾಡಿಸಿದ್ರೆ ಸರಿಹೋಗುತ್ತೆ" ಅನ್ನುತ್ತಾರೆ. ಸರಿಹೋಗುವುದಿಲ್ಲ. ಟೂ ಸ್ಟ್ರೋಕಿನಲ್ಲಿ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ ತಾನೆ? ಪೆಟ್ರೋಲಿನ ಪಾಲು ಕುಗ್ಗಿತೆಂದರೆ ಎಣ್ಣೆಯ ಪಾಲೂ ಕುಗ್ಗಿತು, ಬಿಸಿ ಮಾತ್ರ ಏರಿತು. ಒಂದು ದಿನ ಹೆದ್ದಾರಿಯಲ್ಲಿ ಪಿಸ್ಟನ್ ಉಬ್ಬಿ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ನಿಂತಲ್ಲೇ ನಿಲ್ಲುತ್ತದೆ. 'ಪಿಸ್ಟನ್ ಜಾಮ್' ಎಂದು ಹಳಬರು ಹೇಳುವ ಕಥೆ ಇದೇ. ಬಲಗಡೆಯ ಕವರಿನ ಸ್ಕ್ರೂ ಬಿಚ್ಚಿ, ಡೈನಮೋ ಹಿಂದೆ ಎಣ್ಣೆಯ ಮಸಿ ಒದ್ದೆಯೊದ್ದೆಯಾಗಿ ಹರಡಿದೆಯೇ ನೋಡಿದರೆ ಬಹುಮಟ್ಟಿಗೆ ಗೊತ್ತಾಗುತ್ತದೆ.

ಕವರು ಬಿಚ್ಚಿದಾಗ ಇನ್ನೊಂದು ಪರೀಕ್ಷೆಯೂ ಆಗಿಬಿಡಲಿ. ಡೈನಮೋದ ತಿರುಗುವ ಭಾಗ ಕೂತಿರುವುದು ನೇರವಾಗಿ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ. ಅದನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡಿದ್ದು ಬೆರಳಿಗೆ ತಿಳಿಯಿತೆಂದರೆ ಮೇನ್ ಬೇರಿಂಗ್ ಹೋಗಿದೆ. ಬೇರಿಂಗ್ ಅಲ್ಲಾಡಿದರೆ ಅದೇ ತುದಿಯಲ್ಲಿರುವ, ಕಿಡಿಯ ಹೊತ್ತು ನಿಗದಿ ಮಾಡುವ ಪಾಯಿಂಟಿನ ಗ್ಯಾಪೂ ಅಲ್ಲಾಡುತ್ತದೆ. ಸುಮಾರು 0.4 ಮಿ.ಮೀ. ಇರಬೇಕಾದ ಗ್ಯಾಪು ಸುತ್ತಿಗೊಂದು ಥರ ಆದರೆ ಕಿಡಿ ಹೊತ್ತುವ ಹೊತ್ತೂ ಹಿಂದುಮುಂದಾಗುತ್ತದೆ. "ಎಷ್ಟು ಸಲ ಟೈಮಿಂಗ್ ಇಟ್ಟರೂ ನಿಲ್ಲಲ್ಲ" ಎನ್ನುವ ದೂರಿನ ಗುಟ್ಟು ಎಷ್ಟೋ ಸಲ ಇಲ್ಲಿರುತ್ತದೆ.

ಅದಕ್ಕಿಂತ ದುಬಾರಿಯಾದ ಸಂದು ಕಣ್ಣಿಗೆ ಕಾಣದು. ಕನೆಕ್ಟಿಂಗ್ ರಾಡಿನ ಕೆಳತುದಿ, ಕ್ರ್ಯಾಂಕ್ ಪಿನ್ನಿಗೆ ಸೇರುವ ಜಾಗ, ಬಿಗ್ ಎಂಡ್. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದು ಸಣ್ಣ ಮರದ ಕಡ್ಡಿಯನ್ನು ಪಿಸ್ಟನ್ನಿನ ನೆತ್ತಿಗೆ ತಾಗುವಂತೆ ಹಿಡಿಯಿರಿ. ಪಿಸ್ಟನ್ ನಡುದಾರಿಯಲ್ಲಿರಲಿ, ತೀರಾ ಮೇಲೆ ಬೇಡ. ಈಗ ಡೈನಮೋ ಹಿಡಿದು ಕ್ರ್ಯಾಂಕನ್ನು ತುಸುವೇ ಆಚೆ ಈಚೆ ತಿರುಗಿಸಿ. ಕಡ್ಡಿ ತಕ್ಷಣ ಜೊತೆಗೆ ಏರಿಳಿಯಬೇಕು. ಕ್ರ್ಯಾಂಕ್ ಚೂರು ತಿರುಗಿದ ಮೇಲೆ 'ಟಿಕ್' ಎಂದು ಕಡ್ಡಿ ಎಚ್ಚೆತ್ತರೆ, ನಡುವೆ ಎಲ್ಲೋ ಪ್ಲೇ ಇದೆ. ಈ ಒಂದು ಟಿಕ್ಕಿನ ಬೆಲೆ ಸಾವಿರಗಳಲ್ಲಿ. ಇಡೀ ಎಂಜಿನ್ ಇಳಿಸಿ, ಎರಡು ಹೋಳು ಮಾಡಿ, ಕ್ರ್ಯಾಂಕನ್ನು ಲೇತ್ ಅಂಗಡಿಯ ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ರಾಡ್ ಹಾಕಿ ಮತ್ತೆ ನೇರ ಕೂರಿಸಬೇಕು.

ಈ ಬೇರಿಂಗ್ ಬೇಗ ಸವೆಯುವುದಕ್ಕೆ ಸವಾರರ ಎರಡು ಉಳಿತಾಯಗಳೇ ಕಾರಣ. ಪೆಟ್ರೋಲಿಗೆ ಲೀಟರಿಗೆ ಮೂವತ್ತು ನಲವತ್ತು ಎಂಎಲ್ ಟೂಟಿ ಆಯಿಲ್ ಬೆರೆಸುವಲ್ಲಿ ಹೊಗೆ ಕಮ್ಮಿಯಾಗಲಿ, ಕಾಸೂ ಉಳಿಯಲಿ ಎಂದು ಅರ್ಧ ಹಾಕುವುದು ಒಂದು. ಚಾಮುಂಡಿ ಬೆಟ್ಟ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಎಂಜಿನ್ ಹಿಡಿತದಲ್ಲಿ ಬರುವುದು ಇನ್ನೊಂದು. ಫೋರ್ ಸ್ಟ್ರೋಕಿಗೆ ಅದು ಒಳ್ಳೆಯ ಪದ್ಧತಿ. ಟೂ ಸ್ಟ್ರೋಕಿಗೆ ಮಾತ್ರ ಎಕ್ಸಲರೇಟರ್ ಮುಚ್ಚಿತೆಂದರೆ ಪೆಟ್ರೋಲ್ ಬಹುಪಾಲು ನಿಂತಿತು, ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಿತು. ಚಕ್ರಗಳು ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುವ ಹೊತ್ತಿನಲ್ಲೇ ಅದಕ್ಕೆ ಉಪವಾಸ. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಟೂ ಸ್ಟ್ರೋಕ್ ಕಾರುಗಳಲ್ಲಿ ಇದಕ್ಕೆಂದೇ ಸೈಕಲ್ಲಿನ ಫ್ರೀವೀಲಿನಂಥ ಏರ್ಪಾಡು ಮಾಡಿತ್ತು. ಇಳಿಜಾರಿನಲ್ಲಿ ಕಾರು ಜಾರುತ್ತಿತ್ತು, ಎಂಜಿನ್ ತನ್ನ ಪಾಡಿಗೆ ತಾನು ನಿಧಾನಕ್ಕೆ ಉಸಿರಾಡುತ್ತಿತ್ತು. ನಮ್ಮ ಹಳಬರು ಬೆಟ್ಟ ಇಳಿಯುವಾಗ ಕ್ಲಚ್ ಹಿಡಿದು ಆಗಾಗ ಒಂದೊಂದು ಸಲ ರೇಸ್ ಕೊಡುತ್ತಿದ್ದುದು ಷೋಕಿಗಲ್ಲ.

ಹೊಗೆಯ ಬಣ್ಣದ ಬಗ್ಗೆ ಊರಿಗೊಂದು ಮಾತು. ಟೂ ಸ್ಟ್ರೋಕ್ ಎಂದ ಮೇಲೆ ಹೊಗೆ ಇದ್ದೇ ಇರುತ್ತದೆ, ಇಲ್ಲದಿದ್ದರೇ ಅನುಮಾನ ಪಡಬೇಕು. ತೆಳುವಾದ ನೀಲಿ ಹೊಗೆ ಎಂದರೆ ಎಣ್ಣೆಯ ಬಹಳ ಸಣ್ಣ ಹನಿಗಳು. ಬೆಳಕಿನ ಅಲೆಗಿಂತ ಚಿಕ್ಕದಾದ ಹನಿ ನೀಲಿಯನ್ನು ಹೆಚ್ಚಾಗಿ ಚೆದುರಿಸುತ್ತದೆ, ಆಕಾಶ ನೀಲಿಯಾಗುವುದೂ ಹೀಗೆಯೇ. ಹನಿ ದಪ್ಪವಾದರೆ ಎಲ್ಲ ಬಣ್ಣಗಳೂ ಒಟ್ಟಿಗೆ ಚೆದುರಿ ಮೋಡದ ಹಾಗೆ ಬಿಳಿ ಕಾಣುತ್ತದೆ. ಗೇರ್ ಆಯಿಲ್ ಉರಿದಾಗ ಬರುವ ಹೊಗೆ ಈ ಜಾತಿಯದು. ಬೆಳಗಿನ ಚಳಿಯಲ್ಲಿ ಮೊದಲ ನಿಮಿಷ ಬಿಳಿ ಬಂದರೆ ಅದು ನೀರಾವಿ, ತಲೆ ಕೆಡಿಸಿಕೊಳ್ಳಬೇಡಿ. ಹತ್ತು ನಿಮಿಷವಾದರೂ ಬಿಳಿ ನಿಲ್ಲದಿದ್ದರೆ ಎಡಗಡೆಯ ಸೀಲನ್ನು ನೆನೆಯಿರಿ. ಕಪ್ಪು ಎಂದರೆ ಅರೆಬೆಂದ ಪೆಟ್ರೋಲಿನ ಮಸಿ, ಅದು ಬೆಳಕನ್ನು ಚೆದುರಿಸದೆ ನುಂಗುತ್ತದೆ. ಏರ್ ಫಿಲ್ಟರ್ ಕಟ್ಟಿರಬಹುದು, ಕಾರ್ಬ್ಯುರೇಟರಿನ ಜೆಟ್ ದೊಡ್ಡದಿರಬಹುದು. ಅದು ಸಣ್ಣ ಖರ್ಚು. ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಒಳ್ಳೆಯದು ಎನ್ನುತ್ತಾರೆ, ನಿಜ. ಆದರೆ ಮಾರಾಟಕ್ಕಿಟ್ಟ ಗಾಡಿಯಲ್ಲಿ ಸಾಮಾನ್ಯವಾಗಿ ಫಳಫಳ ಹೊಳೆಯುವ ಹೊಸ ಪ್ಲಗ್ಗೇ ಇರುತ್ತದೆ. ಹಳೆಯದು ಎಲ್ಲಿ ಎಂದು ಕೇಳಿ.

ಗಾಡಿ ಎಳೆಯುವುದಿಲ್ಲ, ಏರಿನಲ್ಲಿ ಸುಸ್ತಾಗುತ್ತದೆ ಎಂದಾಗ ಎಲ್ಲರೂ ಪಿಸ್ಟನ್ನಿನ ಮೇಲೆ ತಪ್ಪು ಹೊರಿಸುತ್ತಾರೆ. ನಾನೂ ಹೊರಿಸಿದ್ದೇನೆ. ನನ್ನ ಕೈಗೆ ಬಂದ ಮೊದಲ ಯೆಜ್ಡಿಯನ್ನು ಗ್ಯಾರೇಜೊಂದಕ್ಕೆ ಬಿಟ್ಟೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಕೊಟ್ಟರು, ದುಡ್ಡೂ ಇಸಿದುಕೊಂಡರು. ಗಾಡಿ ಹಿಂದಿನ ಹಾಗೇ ಏದುಸಿರು ಬಿಡುತ್ತಿತ್ತು. ಕೊನೆಗೆ ಸೈಲೆನ್ಸರುಗಳ ಒಳಕೊಳವೆ ಎಳೆದು ನೋಡಿದರೆ ಇದ್ದಿಲು ಗಟ್ಟಿಯಾಗಿ ಕಟ್ಟಿ ತೂತುಗಳೆಲ್ಲ ಮುಚ್ಚಿಹೋಗಿದ್ದವು. ಯೆಜ್ಡಿಗೆ ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಸುಡದ ಎಣ್ಣೆಯೆಲ್ಲ ಅಲ್ಲೇ ಹೋಗಿ ಕೂರುತ್ತದೆ. ಹೊರಗೆ ಹೋಗಲಾರದ ಹೊಗೆ ಒಳಗೆ ಬರಬೇಕಾದ ಗಾಳಿಗೆ ಅಡ್ಡ ನಿಲ್ಲುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಒಲೆಯಲ್ಲಿ ಸುಟ್ಟು ಕುಟ್ಟಿದೆವು. ಗಾಡಿ ಮತ್ತೆ ಹುಡುಗನಾಯಿತು. ಎರಡೂ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಉಸಿರಿನ ರಭಸ ಸಮನಾಗಿದೆಯೇ ಎಂದು ಅಂದೇ ನೋಡಿದ್ದರೆ ಬೋರ್ ಮಾಡಿಸಿದ ದುಡ್ಡು ಉಳಿಯುತ್ತಿತ್ತು.

ಕೆಳಗಿನ ಅಂಗಾಂಗಗಳ ಪರೀಕ್ಷೆ ಬೇಗ ಮುಗಿಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರಾದರೂ ಕೂತು ಮುಂದಿನ ಚಕ್ರ ಎತ್ತಲಿ. ಹ್ಯಾಂಡಲನ್ನು ಒಂದೇ ಬೆರಳಿನಲ್ಲಿ ಆ ಕೊನೆಯಿಂದ ಈ ಕೊನೆಗೆ ಸರಿಸಿ. ನಟ್ಟನಡುವೆ ಬಂದಾಗ ಹಳ್ಳಕ್ಕೆ ಬಿದ್ದ ಹಾಗೆ ಕಚ್ಚಿ ನಿಂತರೆ ಹ್ಯಾಂಡಲಿನ ಬೇರಿಂಗ್, ಅಂದರೆ ಕೋನ್‌ಸೆಟ್ ಹೋಗಿದೆ. ಸವಾರಿಯ ಬಹುಪಾಲು ಹೊತ್ತು ಹ್ಯಾಂಡಲ್ ನೇರವಾಗೇ ಇರುತ್ತದಲ್ಲ, ಹಾಗಾಗಿ ರಸ್ತೆಯ ಪ್ರತಿ ಗುಂಡಿಯ ಪೆಟ್ಟನ್ನೂ ಬೇರಿಂಗಿನ ಗುಂಡುಗಳು ಅದದೇ ಜಾಗದಲ್ಲಿ ಕೂತು ತಿನ್ನುತ್ತವೆ. ವರ್ಷಗಟ್ಟಲೆ ತಿಂದು ತಿಂದು ಬಟ್ಟಲಿನಲ್ಲಿ ಗುಳಿ ಬೀಳುತ್ತದೆ. ಹಿಂದಿನ ಚಕ್ರವನ್ನು ಹಿಡಿದು ಅಡ್ಡಡ್ಡ ಜಗ್ಗಿ. ಚಕ್ರದ ಜೊತೆ ಸ್ವಿಂಗ್ ಆರ್ಮೂ ಅಲ್ಲಾಡಿದರೆ ಬುಷ್ ಸವೆದಿದೆ. ತಿರುವಿನಲ್ಲಿ ಗಾಡಿಯ ಹಿಂಭಾಗ ತನ್ನದೇ ದಾರಿ ಹಿಡಿಯುವುದು ಅದರಿಂದ.

ಚೈನು 'ಎಳೆದಿದೆ' ಅನ್ನುತ್ತೇವೆ. ಉಕ್ಕಿನ ಪಟ್ಟಿ ರಬ್ಬರಿನ ಹಾಗೆ ಎಳೆಯುವುದಿಲ್ಲ. ಸವೆಯುವುದು ಕೊಂಡಿಕೊಂಡಿಯ ನಡುವಿನ ಪಿನ್ನು. ಒಂದೊಂದರಲ್ಲಿ 0.1 ಮಿ.ಮೀ. ಸವೆದರೆ ಕಣ್ಣಿಗೇನೂ ಕಾಣದು. ನೂರಿಪ್ಪತ್ತು ಕೊಂಡಿ ಇದ್ದರೆ ಒಟ್ಟು ಹನ್ನೆರಡು ಮಿ.ಮೀ. ಉದ್ದವಾಯಿತು. ಚೈನ್ ಕವರ್ ತೆಗೆದು, ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದೆಳೆಯಿರಿ. ಹಲ್ಲು ಅರ್ಧ ಬರಿದಾಗಿ ಕಂಡರೆ ಚೈನು, ಸ್ಪ್ರಾಕೆಟ್ ಎರಡನ್ನೂ ಬದಲಿಸುವ ಲೆಕ್ಕ ಹಾಕಿಕೊಳ್ಳಿ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2314 ಎಂದರೆ 2014ರ 23ನೇ ವಾರದ್ದು. ಗೆರೆಗಳು ಆಳವಾಗಿದ್ದರೂ ಅಷ್ಟು ಹಳೆಯ ರಬ್ಬರ್ ಮುದಿಯಾಗಿ ಗಟ್ಟಿಯಾಗಿರುತ್ತದೆ. ಟ್ಯಾಂಕಿಗೆ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ತಾಗಿಸಿ ಸವರಿ. ಹಿಡಿಯದೆ ಜಾರಿದ ಕಡೆ ಬಣ್ಣದಡಿ ಇರುವುದು ತಗಡಲ್ಲ, ಪುಟ್ಟಿ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ಒಳಗೆ ತುಕ್ಕಿದೆಯೇ ನೋಡಿ. ತುಕ್ಕು ಈಗ ಹಿಂದಿಗಿಂತ ದೊಡ್ಡ ವಿಷಯ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಆ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಎಥನಾಲನ್ನು ಕನಸಿನಲ್ಲೂ ಕಾಣದ ಕಾಲದ ರಬ್ಬರುಗಳು ಅದರಲ್ಲಿ ಊದಿ ಮೆತ್ತಗಾಗುವುದೂ ಉಂಟು.

ಎಂಜಿನ್ ನಂಬರು, ಚಾಸಿಸ್ ನಂಬರುಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡುವುದು ಪೊಲೀಸರ ಕೆಲಸ ಎಂದುಕೊಳ್ಳಬೇಡಿ. ಅರದಿಂದ ಉಜ್ಜಿ ಬೇರೆ ನಂಬರ್ ಹೊಡೆದ ಜಾಗ ತುಸು ತಗ್ಗಾಗಿ, ಅಕ್ಷರಗಳು ಸಾಲು ತಪ್ಪಿ ಇರುತ್ತವೆ. ಉಜ್ಜಿದವನಿಗೆ ಗೊತ್ತಿಲ್ಲದ ವಿಷಯವೊಂದಿದೆ. ಮೊದಲ ಸಲ ಅಚ್ಚು ಹೊಡೆದಾಗ ಅಕ್ಷರದ ಕೆಳಗೆ, ಕಾಣುವ ಆಳಕ್ಕಿಂತ ಕೆಳಗೂ, ಲೋಹದ ಹರಳುಗಳು ಜಜ್ಜಿಹೋಗಿರುತ್ತವೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಜಾಗಕ್ಕೆ ಆಮ್ಲದ ದ್ರಾವಣ ಸವರಿದರೆ ಜಜ್ಜಿದ ಲೋಹ ಬೇರೆ ವೇಗದಲ್ಲಿ ಕರಗಿ, ಅಳಿಸಿದ ನಂಬರು ಮಸುಕಾಗಿ ಎದ್ದು ಬರುತ್ತದೆ.

ನಾವು ತಿಂಡಿ ತಿಂದು, ಎರಡನೇ ಕಾಫಿಯನ್ನೂ ಕುಡಿದು ವಾಪಸ್ ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು. ಮೇಸ್ತ್ರಿ ಮತ್ತೆ ಬ್ಲಾಕ್ ಮುಟ್ಟಿ ನೋಡಿದರು. ಯೆಜ್ಡಿಯ ಕಿಕ್ಕರೇ ಅದರ ಗೇರ್ ಲಿವರ್ ಕೂಡ. ಅದನ್ನು ಒಳಗೆ ಒತ್ತಿ, ಮೇಲಕ್ಕೆತ್ತಿ, ಮೈಭಾರವನ್ನೆಲ್ಲ ಹಾಕಿ ನಿಂತರು. ಲಿವರ್ ಇಳಿಯದೆ ಅವರನ್ನು ಒಂದು ಗಳಿಗೆ ಹೊತ್ತು ನಿಂತಿತು. "ಕಂಪ್ರೆಶನ್ ಇದೆ," ಅಂದರು. ನಾಲ್ಕನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಆಮೇಲೆ ಹುಡುಗನ ಕೈಗೆ ಕೊಟ್ಟರು. ಅವನಿಗೆ ಲೋಟದ ಚಮಚದ ಸದ್ದು ಕೇಳಿಸಿತು, ಆದರೆ ಮೆಲ್ಲಗೆ. ಹೊಗೆ ಬಿಳಿಯಾಗಿತ್ತು. ಹತ್ತು ನಿಮಿಷ ಕಳೆದರೂ ಬಿಳಿಯಾಗಿಯೇ ಇತ್ತು.

ಮೇಸ್ತ್ರಿ ಆಫ್ ಮಾಡಿಸಿ, ಗೇರ್ ಆಯಿಲಿನ ಬೋಲ್ಟನ್ನು ಎರಡು ಸುತ್ತು ಸಡಿಲ ಮಾಡಿದರು. ಎರಡು ಹನಿ ಬೆರಳ ಮೇಲೆ ಬಿದ್ದವು. ಹೆಬ್ಬೆರಳಿನಿಂದ ತಿಕ್ಕಿ, ಮೂಗಿಗೆ ಹಿಡಿದು, ಏನೂ ಹೇಳದೆ ಆ ಕೈಯನ್ನು ಮಾರುವವರ ಮುಂದೆ ಚಾಚಿದರು. ಅವರೂ ಮೂಸಿದರು. ಪೆಟ್ರೋಲ್ ವಾಸನೆ ನನಗೆ ನಿಂತಲ್ಲಿಗೇ ಬರುತ್ತಿತ್ತು.

"ಎಷ್ಟು ಬಿಡ್ಲಿ ಸ್ವಾಮಿ, ನೀವೇ ಹೇಳಿ," ಅಂದರು ಅವರು.